ಅಂಗೈಯಲ್ಲಿ ಬೆಚ್ಚಗಾದ ಬಿಯರ್

ಪೀಪಾಯಿ ತುಂಬಿತ್ತು. ಅದರೊಳಗೆ ಇದ್ದದ್ದು ಮಾತ್ರ ಅವಳ ಬಿಯರ್ ಅಲ್ಲ.

"ಇದು ನಾನು ಮಾಡಿದ್ದಲ್ಲ ಅಣ್ಣ!" ಅಂದಳು ತಂಗಿ.

ಹೊರಗೆ ಹಿಮ, ಹಿಂಜಿದ ಹತ್ತಿಯ ಹಾಗೆ ಇಳಿಯುತ್ತಿತ್ತು. ರುಚಿ ನೋಡಲು ಬಂದ ಗಿರಾಕಿಗಳು ಒಂದೇ ಗುಟುಕಿಗೆ ಮುಖ ಸಪ್ಪೆ ಮಾಡಿಕೊಂಡಿದ್ದರು. ವರ್ಷಕ್ಕೊಮ್ಮೆ, ಚಳಿಗೆಂದೇ ಮಾಡುವ ಕಪ್ಪು ಬಿಯರ್ ಅದು. ಈ ಸಲ ಮೊದಲ ಬಾರಿಗೆ ತಂಗಿ ಮಾಡಿ, ನೆಲಮಾಳಿಗೆಯಲ್ಲಿ ಬೀಗ ಹಾಕಿ ಇಟ್ಟಿದ್ದಳು. ಗಿರಾಕಿಗಳು ಮೆಚ್ಚಿದರೆ ಬಿಯರ್ ಕಾಯಿಸುವ ಕೋಣೆ ಇನ್ನು ಮುಂದೆ ಅವಳದು. ಇಲ್ಲದಿದ್ದರೆ, ಇಪ್ಪತ್ತು ವರ್ಷ ಅದನ್ನು ನಡೆಸಿದ ಭಾವನದೇ. ಕಾರ್ಖಾನೆಯ ಯಜಮಾನನಾದ ಅಣ್ಣ ಹಾಗೆಂದು ಮಾತು ಕೊಟ್ಟಿದ್ದ.

"ಕೆಟ್ಟಿದ್ರೆ ಕೆಟ್ಟಿದೆ ಅನ್ನು. ಪೀಪಾಯಿ ಮೇಲೆ ಯಾಕೆ ಗೂಬೆ ಕೂರಿಸ್ತೀಯಾ?" ಅಂದ ಅಣ್ಣ.

ಗಿರಾಕಿಗಳ ನಡುವೆ ಮೂಲೆಯಲ್ಲಿ ಕೂತಿದ್ದ ಪೊಲೀಸ್ ಇನ್ಸ್‌ಪೆಕ್ಟರಮ್ಮ ಇನ್ನೂ ಲೋಟಕ್ಕೆ ತುಟಿ ಇಟ್ಟಿರಲಿಲ್ಲ. ಅವಳಿಗೆ ಅಂದು ರಜೆ. ಕೊರೆಯುವ ಲೋಟವನ್ನು ಎರಡೂ ಅಂಗೈಗಳಲ್ಲಿ ಹಿಡಿದು, ಕಿಟಕಿಯಾಚೆ ಬೀದಿ ಮೆಲ್ಲಗೆ ಬೆಳ್ಳಗಾಗುವುದನ್ನು ನೋಡುತ್ತಾ ಎಲ್ಲೋ ಕಳೆದುಹೋಗಿದ್ದಳು. ಲೋಟ ಬೆಚ್ಚಗಾಯಿತು. ಆಗ ಕುಡಿದಳು.

"ಏನೇನು ಹಾಕಿದ್ದೆಯಮ್ಮ?"

"ಕಿತ್ತಳೆ ಸಿಪ್ಪೆ, ಲವಂಗ, ಜೇನು."

"ಮೂರೂ ಇಲ್ಲ. ಬರೀ ಸುಟ್ಟ ಸಕ್ಕರೆ. ಇವಳು ಹೇಳೋದು ನಿಜ. ಪೀಪಾಯಿ ಬದಲಾಗಿದೆ."

*

ಬಾಗಿಲ ಬಳಿ ನಿಂತಿದ್ದ ಗಾಡಿಯವನ ಮೇಲೆ ಅಣ್ಣ ಹರಿಹಾಯ್ದ. "ಸರಕು ಒಯ್ಯೋನು ನೀನೇ ತಾನೆ?"

"ಒಯ್ದಿದ್ರೆ ತಾನೆ ಸಾರ್? ನೋಡಿ, ನಿನ್ನೆಯಿಂದ ನನ್ನ ಗಾಡಿ ಕಂಬಳಿ ಹೊದ್ದು ಮಲಗಿದೆ."

ನಿಜ. ಚಕ್ರದ ಸುತ್ತ ಹಿಮ ಒಂಚೂರೂ ಕದಲಿರಲಿಲ್ಲ.

ಇನ್ಸ್‌ಪೆಕ್ಟರಮ್ಮ ಬಡಿಸುವವಳ ಕಡೆ ತಿರುಗಿದಳು. "ಲೋಟಗಳನ್ನ ಮಂಜುಗಡ್ಡೆಯಲ್ಲಿ ಯಾಕಿಟ್ಟೆ?"

"ಯಜಮಾನರ ಭಾವ ಹೇಳಿದ್ರು ಮೇಡಂ. ಹಿಂದೆ ಯಾವತ್ತೂ ಹಾಗೆ ಇಟ್ಟಿರಲಿಲ್ಲ."

"ಗಾಡಿ ಕದಲಿಲ್ಲ ಅಂದ್ರೆ ಪೀಪಾಯಿ ಇಲ್ಲೇ ಎಲ್ಲೋ ಇದೆ," ಎಂದು ಇನ್ಸ್‌ಪೆಕ್ಟರಮ್ಮ ಹಿತ್ತಲಿನ ಸರಕಿನ ಕೊಟ್ಟಿಗೆಗೆ ನಡೆದಳು. ಮಾಮೂಲಿ ಬಿಯರಿನ ಪೀಪಾಯಿಗಳು ಹನ್ನೆರಡು. ಹನ್ನೊಂದರ ಮೇಲೆ ಬಿಳೀ ಮಂಜು ಕಟ್ಟಿತ್ತು. ಹನ್ನೆರಡನೆಯದು ಬರೀ ಒದ್ದೆ.

"ಇದರ ಬಿರಡೆ ತೆಗೀರಿ."

ಕಿತ್ತಳೆಯ ಘಮ ಹಿಮದೊಳಕ್ಕೆ ಕನಸಿನ ಹಾಗೆ ಹರಡಿತು. ತಂಗಿ ಕಣ್ಣು ಮುಚ್ಚಿ ನಿಂತುಬಿಟ್ಟಳು.

*

"ಕೊರೆಯೋ ಲೋಟದಲ್ಲಿ ಕಪ್ಪು ಬಿಯರಿನ ರುಚಿ ಮಲಗಿಬಿಡುತ್ತೆ," ಎಂದು ಇನ್ಸ್‌ಪೆಕ್ಟರಮ್ಮ, ಎಲ್ಲರ ಹಿಂದೆ ಬಂದು ನಿಂತಿದ್ದ ಭಾವನಿಗೆ ಹೇಳಿದಳು. "ಇಪ್ಪತ್ತು ವರ್ಷ ಮಾಡಿದ ನಿಮಗೆ ಅದು ಗೊತ್ತಿಲ್ವಾ? ನಕಲಿ ಅಂತ ಯಾರಿಗೂ ತಿಳೀಬಾರದು ಅಂತಲೇ ಲೋಟ ಮಂಜುಗಡ್ಡೆಯಲ್ಲಿ ಇಡಿಸಿದ್ರಿ. ಮಾಮೂಲಿ ಬಿಯರಿಗೆ ಸುಟ್ಟ ಸಕ್ಕರೆ ಬೆರೆಸಿ ಬಣ್ಣ ತಂದ್ರಿ. ಇವತ್ತು ಬೆಳಿಗ್ಗೆ ಅದನ್ನ ನೆಲಮಾಳಿಗೆಗೆ ಇಳಿಸಿ, ಇವಳದನ್ನ ಇಲ್ಲಿಗೆ ತಂದ್ರಿ. ಬೆಚ್ಚಗಿನ ಜಾಗದಿಂದ ಈಗಷ್ಟೇ ಬಂದ ಪೀಪಾಯಿ, ಮಂಜು ಕಟ್ಟೋಕೆ ಹೊತ್ತು ಸಿಗಲಿಲ್ಲ. ನೆಲಮಾಳಿಗೆಯ ಬೀಗದ ಕೈ ಇರೋದು ಇವಳ ಹತ್ರ, ನಿಮ್ಮ ಹತ್ರ ಮಾತ್ರ. ತನ್ನ ಬಿಯರನ್ನ ತಾನೇ ಯಾರಾದ್ರೂ ಬಚ್ಚಿಡ್ತಾರಾ?"

ಭಾವ ಆ ಒದ್ದೆ ಪೀಪಾಯಿಯ ಮೇಲೆ ಕೈಯಿಟ್ಟ.

"ಒಂದೇ ಒಂದು ಅರ್ಥ ಆಗಲಿಲ್ಲ," ಅಂದಳು ಇನ್ಸ್‌ಪೆಕ್ಟರಮ್ಮ. "ಇವಳದನ್ನ ಚರಂಡಿಗೆ ಚೆಲ್ಲಿದ್ರೆ ಸಿಕ್ಕಿಬೀಳ್ತಿರಲಿಲ್ಲವಲ್ಲ?"

"ಚೆಲ್ಲೋಕೇ ಹೊರಟಿದ್ದೆ," ಅಂದ ಭಾವ, ನೆಲ ನೋಡುತ್ತಾ. "ಒಂದು ಗುಟುಕು ಕುಡಿದೆ. ಆಮೇಲೆ ಕೈ ಬರಲಿಲ್ಲ."

ಅಣ್ಣ ಭಾವನಿಂದ ಬೀಗದ ಕೈ ಇಸಿದುಕೊಂಡು ತಂಗಿಯ ಅಂಗೈಗಿಟ್ಟ. ಅವಳು ಒಂದು ಲೋಟ ತುಂಬಿ ಭಾವನ ಮುಂದೆ ಹಿಡಿದಳು.

"ಈಗ ಎಲ್ಲರೆದುರು ಹೇಳಿ ಭಾವ. ಹೇಗಿದೆ?"

ಅವನು ನಿಧಾನವಾಗಿ ಕುಡಿದ.

"ಲವಂಗ ಸ್ವಲ್ಪ ಜಾಸ್ತಿ ಆಯ್ತು."

"ಸುಳ್ಳು."

"ಹ್ಞೂಂ," ಅಂದ ಭಾವ. "ಸುಳ್ಳು."