ದಿಬ್ಬಕ್ಕೆ ಮುಂಚಿನ ಮಾತು

‘ಎಡ ನಾಲ್ಕು. ಎಂಬತ್ತು ಮೀಟರ್. ದಿಬ್ಬ. ಬಿಡಬೇಡ.’

ಹಿಲ್ಲಾಳ ಪೆನ್ಸಿಲ್ ನಿಂತಿತು.

ಪ್ರತಿ ನವೆಂಬರ್‌ನಲ್ಲೂ ಅವಳು ಹೀಗೆ ಅಡುಗೆಮನೆಯ ಮೇಜಿನ ಮುಂದೆ ಕುಳಿತು, ಆ ವರ್ಷದ ಕಾರು ರ‍್ಯಾಲಿಗಳ ದಾರಿಯನ್ನೆಲ್ಲ ಹೊಸ ಪುಸ್ತಕಕ್ಕೆ ಇಳಿಸುತ್ತಿದ್ದಳು. ಸ್ಪರ್ಧೆಗೆ ಮೊದಲು ಓತ್ಸೊ ಕಾಡಿನ ಮಣ್ಣುದಾರಿಯಲ್ಲಿ ನಿಧಾನವಾಗಿ ಕಾರು ಓಡಿಸುತ್ತ ಒಂದೊಂದು ತಿರುವನ್ನೂ, ಅದೆಷ್ಟು ಕಡಿದೆಂಬ ಅಂಕಿಯನ್ನೂ ಹೇಳುತ್ತಾನೆ. ಪಕ್ಕದ ಸೀಟಿನಲ್ಲಿ ಅವಳು ಬರೆದುಕೊಳ್ಳುತ್ತಾಳೆ. ಸ್ಪರ್ಧೆಯ ದಿನ ಅವಳು ಓದುತ್ತಾಳೆ. ಕಣ್ಣಿಗೆ ಕಾಣದ ತಿರುವಿಗೂ ಅವನು ಅವಳ ದನಿ ನಂಬಿ ನುಗ್ಗುತ್ತಾನೆ. ಎಂಟು ವರ್ಷ. ಮೂರು ಸಲ ಫಿನ್ಲೆಂಡಿನ ಚಾಂಪಿಯನ್.

‘ಬಿಡಬೇಡ’ ಎಂದರೆ ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಡ ಎಂದು. ಆದರೆ ಈ ದಿಬ್ಬದಲ್ಲೇ? ಅದರಾಚೆ ದಾರಿ ಬಲಕ್ಕೆ ಹೊರಳುತ್ತದೆ, ಕೆಳಗೆ ಸರೋವರ! ಬುದ್ಧಿ ನೆಟ್ಟಗಿರುವ ಯಾರೂ ಇಲ್ಲಿ ಹಾಗೆ ಹೇಳುವುದಿಲ್ಲ...

ಬಾಗಿಲು ತಟ್ಟಿದ ಸದ್ದು.

ಓತ್ಸೊ! ಮೂರು ವಾರಗಳ ಮೇಲೆ!

ಅವನು ಬೂಟು ಬಿಚ್ಚಿಟ್ಟು, ಕಾಲುಚೀಲದಲ್ಲೇ ಒಳಗೆ ಬಂದು ತಲೆ ತಗ್ಗಿಸಿ ನಿಂತ.

“ಏನಪ್ಪಾ ಸರ್ಕ್ಯೂಟ್ ಹೀರೋ, ದಾರಿ ತಪ್ಪಿತಾ?”

“ಹಿಲ್ಲಾ, ಪ್ಲೀಸ್...”

“ಮೂರನೇ ಕಪ್ ಎತ್ತಿದ ಮಾರನೇ ದಿನ ಮೀನಿನ ಅಂಗಡಿಯವಳು ಹೇಳ್ತಾಳೆ, ‘ನಿನ್ನ ಓತ್ಸೊ ರ‍್ಯಾಲಿ ಬಿಟ್ಟು ಸರ್ಕ್ಯೂಟ್ ರೇಸಿಗೆ ಹೋದನಂತಲ್ಲ, ಪೇಪರ್‌ನಲ್ಲಿ ಬಂದಿದೆ’ ಅಂತ! ನಾನು ಪೆದ್ದಿ ಹಾಗೆ ಬಾಯಿಬಿಟ್ಕೊಂಡು ನಿಂತಿದ್ದೆ. ಒಂದು ಮಾತು ಹೇಳೋಕಾಗಲಿಲ್ವಾ?”

“ಹೇಳಿದ್ದೆ.”

“ಯಾವಾಗ?”

ಅವನು ಮೇಜಿನ ಮೇಲಿನ ಪುಸ್ತಕದತ್ತ ಬೆರಳು ತೋರಿಸಿದ. “ಆ ದಿಬ್ಬ ಬರೋಕೆ ಮುಂಚೆ. ಸರ್ಕ್ಯೂಟಲ್ಲಿ ಸುತ್ತು ಹೊಡೆಯೋ ರೇಸಿನ ತಂಡದಿಂದ ಕರೆ ಬಂದಿದೆ, ಹೋಗ್ತೀನಿ ಅಂದೆ. ಆಮೇಲೆ... ಆದರೂ ನನ್ನನ್ನ ಬಿಡಬೇಡ ಅಂದೆ.”

ಹಿಲ್ಲಾ ಪುಸ್ತಕದ ಆ ಸಾಲನ್ನು ಮತ್ತೆ ನೋಡಿದಳು. ತಿರುವು, ದಿಬ್ಬ, ಬಂಡೆ ಬಿಟ್ಟು ಬೇರೆ ಮಾತು ಬರವಣಿಗೆಯ ಹೊತ್ತಿನಲ್ಲಿ ಅವಳ ಕಿವಿಗೆ ಇಳಿಯುತ್ತಲೇ ಇರಲಿಲ್ಲ. ಅಂದು ಪರಿಚಿತವಾದ ಒಂದೇ ಪದ ಕಿವಿಗೆ ಬಿದ್ದಿತ್ತು. ಬರೆದುಕೊಂಡಿದ್ದಳು!

“ನೀನು ತಲೆ ಎತ್ತಲೇ ಇಲ್ಲ,” ಎಂದ ಅವನು. “ಪುಟ ತಿರುವಿ ‘ಹ್ಞೂಂ, ಮುಂದೆ?’ ಅಂದೆ. ನಿನಗೆ ಇಷ್ಟವಿಲ್ಲ ಅಂದ್ಕೊಂಡೆ. ಸ್ಪರ್ಧೆಯ ದಿನ ಅದೇ ಜಾಗದಲ್ಲಿ ‘ಬಿಡಬೇಡ!’ ಅಂತ ಕೂಗಿದೆಯಲ್ಲ... ರ‍್ಯಾಲಿ ಬಿಡಬೇಡ ಅಂತ ಉತ್ತರ ಕೊಡ್ತಿದ್ದೀಯ ಅಂದ್ಕೊಂಡೆ. ಅಷ್ಟರಲ್ಲಿ ಒಪ್ಪಂದಕ್ಕೆ ಸಹಿ ಹಾಕಿಬಿಟ್ಟಿದ್ದೆ. ಯಾವ ಮುಖ ಹೊತ್ತು ಬರಲಿ?”

“ಅಯ್ಯೋ ದೇವರೇ! ನಾನು ಬರೆದದ್ದನ್ನ ಓದಿದೆ ಅಷ್ಟೇ ಕಣೋ! ಅದಕ್ಕೇನಾ ನೀನು ಅಲ್ಲಿ ಕಾಲು ತೆಗೀಲಿಲ್ಲ?”

“ಯಾವ ಅರ್ಥದಲ್ಲಾದರೂ ನೀನು ಬೇಡ ಅಂದಮೇಲೆ ಹೇಗೆ ತೆಗೀಲಿ?”

“ಬಲಗಡೆ ಕನ್ನಡಿ ಮರಕ್ಕೆ ಬಡಿದು ಹೋಯ್ತು!”

“ಎರಡು ಸೆಕೆಂಡ್ ಉಳೀತು. ಅಷ್ಟರಲ್ಲೇ ಗೆದ್ದಿದ್ದು.”

ಅವಳು ನಕ್ಕುಬಿಟ್ಟಳು. ನಗು ನಿಲ್ಲುವ ಮೊದಲೇ ಕಣ್ಣು ತುಂಬಿತು. ತನ್ನ ತಪ್ಪು ಮಾತನ್ನೂ ನಂಬಿ ಸರೋವರದ ಅಂಚಿಗೆ ಹಾರಿದ ಈ ಹುಚ್ಚ...

ಅವನು ಮೆಲ್ಲನೆ ಅವಳ ಕೈ ಹಿಡಿದ. ಅವಳು ಎಳೆದುಕೊಳ್ಳಲಿಲ್ಲ.

“ಸ್ಪೇನಿನಲ್ಲಿ ಹೊಸ ಕಾರು ಓಡಿಸಿ ನೋಡಿದೆ. ಒಂದೇ ಸೀಟು. ಮೂರನೇ ತಿರುವು ಕಣ್ಣೆದುರಿಗೇ ಇತ್ತು, ಆದರೂ ನಿನ್ನ ದನಿಗೆ ಕಾಯ್ತಾ ಕಾಲು ತೆಗೆದುಬಿಟ್ಟೆ. ಎಲ್ಲರಿಗಿಂತ ಹಿಂದೆ ಬಂದೆ, ಹಿಲ್ಲಾ. ನೀನು ಬಂದುಬಿಡು. ತಂಡದ ಜೊತೆ ನಿಂತು ರೇಡಿಯೋದಲ್ಲಿ ಮಾತಾಡು. ಒಪ್ಪಿಸ್ತೀನಿ ಅವರನ್ನ.”

“ಅದೇ ತಿರುವು ಐವತ್ತು ಸಲ ಬರುತ್ತೆ. ಅದನ್ನೂ ಓದಿ ಹೇಳಬೇಕಾ ನಿಂಗೆ, ಮಗು ಥರ?”

“ಅಣಕಿಸಬೇಡ.”

“ಕಲೀತೀಯ, ಓತ್ಸೊ. ನೀನಾಗೇ ನೋಡೋಕೆ ಕಲೀತೀಯ.”

ಅವನು ಮೇಜಿನ ಮೇಲಿನ ಪುಸ್ತಕ ಮುಚ್ಚಿದ. “ವೂಕ್ಕೊ ಫೋನ್ ಮಾಡಿದ್ಲಂತೆ?”

“ಎರಡು ಸಲ.” ವೂಕ್ಕೊ ಉತ್ತರ ಫಿನ್ಲೆಂಡಿನ ರ‍್ಯಾಲಿ ಹುಡುಗಿ, ಹಿಮದ ದಾರಿಯಲ್ಲಿ ಅವಳ ವೇಗಕ್ಕೆ ಸಾಟಿಯಿರಲಿಲ್ಲ. ತನ್ನ ಪಕ್ಕದ ಸೀಟಿಗೆ ಹಿಲ್ಲಾಳೇ ಬೇಕೆಂದು ಹಟ ಹಿಡಿದಿದ್ದಳು. “ಇನ್ನೂ ಏನೂ ಹೇಳಿಲ್ಲ.”

ಕಿಟಕಿಯಾಚೆ ಮೊದಲ ಹಿಮ ಬೀಳುತ್ತಿತ್ತು. ಹೊಸ ಹಿಮ ಮುಚ್ಚಿದ, ಯಾರೂ ತುಳಿಯದ ದಾರಿ ಅವಳ ಕಣ್ಣಮುಂದೆ ಬಂತು. ಮುಂದೇನಿದೆಯೋ ತಿಳಿಯದ ಆ ಕ್ಷಣ, ತನ್ನ ದನಿಯಿಂದ ಅದು ತೆರೆದುಕೊಳ್ಳುವ ಸುಖ... ಅದು ಓತ್ಸೊನದಾಗಿರಲಿಲ್ಲ. ಎಂಟು ವರ್ಷವೂ ಅದು ತನ್ನದೇ ಆಗಿತ್ತು!

ಇವನನ್ನು ಪ್ರೀತಿಸಲು ಇವನ ರೇಡಿಯೋದಲ್ಲಿ ಇರಲೇಬೇಕೆ?

“ಮಾರ್ಚ್‌ನಲ್ಲಿ ಮೊದಲ ರೇಸು. ಬರ್ತೀಯಾ?” ಎಂದ ಅವನು.

“ಬರ್ತೀನಿ. ನಿನ್ನವಳಾಗಿ. ಕೆಲಸಕ್ಕಲ್ಲ.”

ಅವನ ಕಿವಿಗಳು ಕೆಂಪಾದವು. “ಇನ್ನೊಂದು ಸಲ ಹೇಳು.”

“ಬರೆದುಕೋಬೇಕಿತ್ತು ನೀನು!”

ಅವಳು ಎದ್ದು ಕಾಫಿ ಬಗ್ಗಿಸಿದಳು, ಏಲಕ್ಕಿ ಬನ್ನಿನ ತಟ್ಟೆಯನ್ನು ಅವನತ್ತ ಸರಿಸಿದಳು. ನಾಳೆ ಬೆಳಿಗ್ಗೆ ಎದ್ದ ಕೂಡಲೇ ವೂಕ್ಕೊಗೆ ಫೋನ್ ಮಾಡಿ ಹ್ಞೂಂ ಅನ್ನುವುದು. ಅಷ್ಟೇ. ಇಂದು ಯಾರಿಗೂ ಹೇಳಬೇಕಾಗಿಲ್ಲ.

“ಏನೋ ಯೋಚಿಸ್ತಿದ್ದೀಯ,” ಎಂದ ಓತ್ಸೊ.

“ಹ್ಞೂಂ. ಕಾಫಿ ಆರುತ್ತೆ, ಕುಡಿ.”