ಮುಚ್ಚದ ಗುಮ್ಮಟ

ಬಹಳ ಬಹಳ ಹಿಂದೆ, ಗುಡ್ಡಗಳ ಆಚೆ ಮೊಂತಾಲ್ಬಾ ಎಂಬ ರಾಜ್ಯವಿತ್ತು. ಅಲ್ಲೊಂದು ಪುರಾತನ ಗುಡಿ, ಅದರ ಮೇಲೊಂದು ಭಾರಿ ಗುಮ್ಮಟ. ಹಿಂದಿನವರು ಅದನ್ನು ಹೇಗೆ ನಿಲ್ಲಿಸಿದರೋ ಯಾರಿಗೂ ತಿಳಿಯದು.

ಜನ ಪ್ರಾರ್ಥನೆಗೆ ಸೇರುವ ಹೊಸ ಇಗರ್ಜಿಗೂ ಅಂಥದೇ ಗುಮ್ಮಟ ಕಟ್ಟುತ್ತೇನೆಂದು ತಿಬಾಲ್ದೋ ಎಂಬ ಶಿಲ್ಪಿ ಹೊರಟ. ವೆಸ್ಪಾರೋ ಎಂಬ ಮಾಯಾವಿಗೆ ಹೊಟ್ಟೆ ಉರಿಯಿತು. "ಹಿರಿಯರಿಗೆ ಸರಿಸಾಟಿಯಾಗಲು ಹೊರಟೆಯಾ?" ಎಂದವನೇ ಅವನನ್ನು ಇಗರ್ಜಿಯ ನಟ್ಟನಡುವೆ ಕಲ್ಲಾಗಿಸಿದ.

ತಿಬಾಲ್ದೋನ ಅಕ್ಕ ಲೊರೆನ್ಸಾ ಕೂಡ ಶಿಲ್ಪಿಯೇ. ಅವಳು ಮಾಯಾವಿಗೆ ಅಡ್ಡ ನಿಂತಳು.

"ನನ್ನ ತಮ್ಮನನ್ನು ಬಿಡು."

"ಗುಮ್ಮಟ ಮುಗಿಸು, ಬಿಡುತ್ತೇನೆ. ಮೂರು ಸಲ ನೋಡುತ್ತೇನೆ. ಬಿದ್ದಾಗಲೆಲ್ಲ ನಿನ್ನ ಮೈ ಅಷ್ಟಷ್ಟೇ ಕಲ್ಲಾಗುತ್ತದೆ. ಮೂರನೆಯದೂ ಬಿದ್ದರೆ ನೀನೂ ಪೂರ್ತಿ ಕಲ್ಲು."

ಲೊರೆನ್ಸಾ ಹಳೆಯ ಗುಡಿಯನ್ನು ಅಳೆದಳು. ಗುಮ್ಮಟದ ನೆತ್ತಿಯಲ್ಲಿ ದೊಡ್ಡ ತೂತು ಕಂಡಿತು. 'ಪಾಪ, ಹಳತಾಗಿ ಉದುರಿದೆ' ಎಂದುಕೊಂಡಳು. ಮುಗಿಸುವುದೆಂದರೆ ಮುಚ್ಚುವುದೇ ತಾನೆ! ಗುಮ್ಮಟವೆಬ್ಬಿಸಿ ನೆತ್ತಿಗೆ ದಪ್ಪ ಕಲ್ಲು ಕೂರಿಸಿದಳು. ಗುಮ್ಮಟ ಕುಸಿಯಿತು. ಮಾಯೆಯ ಕಲ್ಲಾದ ತಮ್ಮನಿಗೆ ಗೀರೂ ಬೀಳಲಿಲ್ಲ, ಆದರೆ ಅವಳ ಎಡಗೈ ಕಲ್ಲಾಯಿತು.

ಎರಡನೆಯ ಸಲ ಇನ್ನೂ ದಪ್ಪ ಕಲ್ಲು ಕೂರಿಸಿದಳು. ಜಾಣರು ತಪ್ಪು ಮಾಡಿದರೆ ಹೀಗೇ ನೋಡಿ, ಅದನ್ನೇ ಇನ್ನಷ್ಟು ಜೋರಾಗಿ ಮಾಡುತ್ತಾರೆ. ಗುಮ್ಮಟ ಮತ್ತೆ ಕುಸಿಯಿತು. ತೋಳು ಭುಜದವರೆಗೂ ಕಲ್ಲಾಯಿತು.

ಲೊರೆನ್ಸಾ ಹಳೆಯ ಗುಡಿಯ ಹೊಸ್ತಿಲಲ್ಲಿ ಕೂತು ಅತ್ತಳು. ಬಾಗಿಲ ಕಲ್ಲಿನ ಸಿಂಹ ಆಕಳಿಸಿ ಕಣ್ಣು ಬಿಟ್ಟಿತು.

"ಯಾಕಮ್ಮಾ ಅಳ್ತೀಯ?"

"ಎಲ್ಲ ಇದರಂತೆಯೇ ಕಟ್ಟಿದೆ. ಮೇಲೆ ಒಡೆದ ಜಾಗ ಮಾತ್ರ ಸರಿಮಾಡಿದೆ. ಆದರೂ ಬೀಳುತ್ತದೆ."

ಸಿಂಹ ನಕ್ಕಿತು. "ಒಡೆದದ್ದು ಅಷ್ಟು ದುಂಡಗೆ ಇರುತ್ತದೆಯೇ? ಹತ್ತಿ ಮುಟ್ಟಿ ನೋಡು."

ಕಲ್ಲಿನ ತೋಳನ್ನು ಹೊತ್ತುಕೊಂಡೇ ಅವಳು ಹತ್ತಿದಳು. ಅಂಚನ್ನು ಸವರಿದಳು. ಇಟ್ಟಿಗೆಗಳು ಬಳೆಯಂತೆ ಸುತ್ತ ಕೂತು ಒಂದನ್ನೊಂದು ಒತ್ತಿ ಹಿಡಿದಿದ್ದವು. ಎಲ್ಲೂ ಬಿರುಕಿಲ್ಲ. ಅವಳು ಭಾರ ಹೇರಿದ ಜಾಗವನ್ನು ಹಿಂದಿನವರು ಬೇಕೆಂದೇ ಖಾಲಿ ಬಿಟ್ಟಿದ್ದರು. ಅವಳಿಗೆ ನಾಚಿಕೆಯಾಯಿತು. ಹಿರಿಯರನ್ನು ಬಾಯ್ತುಂಬ ಹೊಗಳಿದ್ದಳು, ಆದರೆ ಅವರು ತಿಳಿದೇ ಮಾಡಿದ್ದಾರೆಂದು ನಂಬಿರಲಿಲ್ಲ.

ಮೂರನೆಯ ಸಲ ಮೇಲೆ ಹೋದಂತೆ ಗೋಡೆಯನ್ನು ತೆಳುವಾಗಿಸಿದಳು. ಕೊನೆಗೆ ಇಟ್ಟಿಗೆಯ ಬಳೆ ಕೂರಿಸಿ, ನೆತ್ತಿಯನ್ನು ಖಾಲಿ ಬಿಟ್ಟು ಕೆಳಗಿಳಿದಳು. ಗುಮ್ಮಟ ನಿಂತಿತು.

ವೆಸ್ಪಾರೋ ಓಡಿಬಂದ. "ಇದು ಮುಗಿದಿಲ್ಲ! ಮೇಲೆ ಬಯಲಾಗಿದೆ!"

"ಮುಗಿಸು ಅಂದೆ, ಮುಗಿಸಿದೆ. ಮುಚ್ಚು ಅಂದಿದ್ದೆಯಾ?"

"ಬಿಡುವುದಿಲ್ಲ!" ಎಂದು ಅವನು ಅರಚಿದ.

ಮಾಯಾವಿಗಳಿಗೆ ಆಡಿದ ಮಾತಿನಲ್ಲೇ ಪ್ರಾಣ. ಮಾತು ತಪ್ಪಿದ ಕ್ಷಣವೇ ವೆಸ್ಪಾರೋ ಸುಣ್ಣದ ಪುಡಿಯಾಗಿ ಉದುರಿದ. ಲೊರೆನ್ಸಾಳ ತೋಳು ಬೆಚ್ಚಗಾಯಿತು. ಅಷ್ಟರಲ್ಲಿ ಮಳೆ ಶುರುವಾಯಿತು. ಒಂದು ಹನಿ ನೇರವಾಗಿ ತಿಬಾಲ್ದೋನ ಹಣೆಯ ಮೇಲೆ ಬಿತ್ತು. ಅವನು ಕಣ್ಣು ಪಿಳುಕಿಸಿ ಮೇಲೆ ನೋಡಿದ.

"ಅಕ್ಕಾ, ನೀನು ಕಟ್ಟಿದ ಸೂರು ಸೋರ್ತಾ ಇದೆಯಲ್ಲೇ!"

ಲೊರೆನ್ಸಾ ನಗುತ್ತಾ ಅಳುತ್ತಾ ಅವನನ್ನು ತಬ್ಬಿಕೊಂಡಳು.

ಮೊಂತಾಲ್ಬಾದ ಜನ ಅಂದಿನಿಂದ ಸುಖವಾಗಿದ್ದಾರೆ. ಪ್ರಾರ್ಥನೆಯ ಹೊತ್ತಿಗೆ ಮಳೆ ಬಂದರೆ ಸ್ವಲ್ಪ ಸರಿದು ಕೂರುತ್ತಾರೆ, ಅಷ್ಟೆ.