ಹಗೇವಿನ ಉಪ್ಪು

೧೯೦೩ನೇ ಇಸವಿ ಅಕ್ಟೋಬರ್ ಆರರ ಬೆಳಿಗ್ಗೆ ಮಹಾದೇವಮ್ಮ ಹಿರಿಯೂರು ಠಾಣೆಗೆ ಬಂದು ಫಿರ್ಯಾದಿ ಕೊಟ್ಟಳು. ಜವನಗೊಂಡನಹಳ್ಳಿಗೆ ಕೊಟ್ಟಿದ್ದ ಮಗಳು ಚಂದ್ರಕ್ಕ ಕಾಣೆಯಾಗಿದ್ದಳು. ಅಳಿಯ ರೇವಣಸಿದ್ದಪ್ಪ ಮಾತ್ರ ಹೆಂಡತಿ ತವರಿಗೆ ಹೋದಳೆಂದು ಊರಿಗೆಲ್ಲ ಹೇಳುತ್ತಿದ್ದ.

“ಹಿಮ್ಮಡೀಲಿ ಜಾಲಿ ಮುಳ್ಳು ಮುರ್ಕಂಡು ಕುಂಟ್ತಿದ್ಲು ಸ್ವಾಮಿ. ಅಷ್ಟು ದೂರ ಹೆಂಗೆ ನಡೀತಾಳೆ? ಹಗೇವು ತುಂಬ ರಾಗಿ ಇಟ್ಕಂಡೋನು ಈಗ ಸಂತೆ ರಾಗಿ ತಿಂತಾನೆ, ಯಾಕೆ?”

ಇನ್‌ಸ್ಪೆಕ್ಟರ್ ರಂಗಯ್ಯ ಆ ಕೊನೆಯ ಮಾತನ್ನು ಎರಡು ಸಲ ಹೇಳಿಸಿಕೊಂಡ. ಮಧ್ಯಾಹ್ನದ ಹೊತ್ತಿಗೆ ಕಾನ್‌ಸ್ಟೇಬಲ್ ಜುಂಜಯ್ಯ, ಮಹಾದೇವಮ್ಮ ಮತ್ತು ಪಂಚರೊಂದಿಗೆ ರೇವಣಸಿದ್ದಪ್ಪನ ಮನೆಯಂಗಳದಲ್ಲಿ ನಿಂತಿದ್ದ.

“ಹೆಂಡ್ತಿ ಎಲ್ಲಪ್ಪ?”

“ತವರಿಗೆ ಹೋಗ್ಯಾಳೆ.”

“ತಾಯಿ ಇಲ್ಲೇ ನಿಂತವ್ಳೆ. ಹಗೇವು ತೆಗಿ.”

“ಬ್ಯಾಡ್ರಿ ಸ್ವಾಮಿ! ಮಳೆ ನೀರು ಇಳಿದೈತೆ. ಕೆಟ್ಟ ಗಾಳಿ, ಸಾಯ್ತೀರಿ.”

ಅದು ಸುಳ್ಳಲ್ಲ. ನೆಲದೊಳಗಿನ ಆ ಕಾಳಿನ ಗುಂಡಿಗೆ ಇಳಿಬಿಟ್ಟ ಲಾಂದ್ರ ಪಕ್ಕನೆ ಆರಿಹೋಯಿತು. ಜುಂಜಯ್ಯ ಎರಡು ಹೆಜ್ಜೆ ಹಿಂದಿಟ್ಟ. ಪೊಲೀಸನಾದರೇನು, ಪ್ರಾಣ ಯಾರಿಗೆ ಬೇಡ? ಬೇವಿನ ಸೊಪ್ಪಿನ ಕಟ್ಟನ್ನು ಇಳಿಸಿ ಎತ್ತಿ, ಇಳಿಸಿ ಎತ್ತಿ ಗಾಳಿಯಾಡಿಸಿದರು. ಕಡೆಗೆ ದೀಪ ನಿಂತಿತು. ಮನೆದೇವರನ್ನು ನೆನೆಯುತ್ತ ಜುಂಜಯ್ಯ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದ.

ಒಳಗೆ ಮುಗ್ಗಲು ನಾತ. ರಾಗಿಯೆಲ್ಲ ಮೊಳೆತು, ಮೊಳಕೆಯ ಮೇಲೆ ಬೂಷ್ಟು ಬಿಳಿ ಕೂದಲಿನಂತೆ ಎದ್ದಿತ್ತು. ಒಂದು ಮೂಲೆಯಲ್ಲಿ ಮಾತ್ರ ಮೊಳಕೆಯೂ ಇಲ್ಲ, ಬೂಷ್ಟೂ ಇಲ್ಲ. ಆಳುದ್ದದ ಜಾಗ ಬರಿದಾಗಿ ಒದ್ದೆಯಾಗಿತ್ತು. ಯಾಕೆಂದು ನೋಡಲು ಅವನು ಅಲ್ಲಿಯ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡ.

“ಸ್ವಾಮಿ, ಇಲ್ಲಿ ಬೂಷ್ಟು ಹತ್ತಿಲ್ಲ. ಕಾಳೆಲ್ಲ ಉಪ್ಪುಪ್ಪು!”

“ಉಪ್ಪಿನಕಾಯಿಗೆ ಉಪ್ಪು ಮುಂದಾದ್ರೆ ಬೂಷ್ಟು ಬರಲ್ವಲ್ಲೋ, ಹಂಗೇ. ರಾಗಿಗೆ ಯಾಕೆ ಉಪ್ಪು? ತೋಡು.”

ತೋಡಿದ ಕೈಗೆ ಉಪ್ಪಿನ ಹೆಂಟೆ ಸಿಕ್ಕಿತು. ಅದರಡಿಯಲ್ಲಿ ಬಳೆ. ಬಳೆಯೊಳಗೆ ತಣ್ಣನೆಯ ಕೈ. ಜುಂಜಯ್ಯ ಕಿಟಾರನೆ ಕಿರುಚಿದ. ಬಾಯಲ್ಲಿದ್ದ ಕಾಳು ಉಗಿದ, ಮತ್ತೆ ಉಗಿದ. ರುಚಿ ಹೋಗಲಿಲ್ಲ.

ಹೆಣವನ್ನು ಚಾಪೆಯ ಮೇಲೆ ಮಲಗಿಸಿದರು. ಹಣೆ ತುಂಬ ವಿಭೂತಿ ಬಳಿದಿತ್ತು. ಉಪ್ಪಿನಿಂದಾಗಿ ಮೈ ಅಷ್ಟೇನೂ ಕೆಟ್ಟಿರಲಿಲ್ಲ. ಮಹಾದೇವಮ್ಮ ಮಗಳ ಕಾಲ ಬಳಿ ಕುಳಿತಳು.

“ಬಚ್ಚಿಡೋ ಹೆಣಕ್ಕೆ ಉಪ್ಪು, ವಿಭೂತಿ ಯಾಕೋ?” ಎಂದ ರಂಗಯ್ಯ.

ರೇವಣಸಿದ್ದಪ್ಪ ಕುಸಿದು ಕುಳಿತ. “ನಮ್ಮೋರನ್ನ ಮಣ್ಣು ಮಾಡುವಾಗ ಹಾಕ್ತೀವಲ್ಲ ಸ್ವಾಮಿ. ಅದೂ ಇಲ್ದೆ ಹೆಂಗೆ ಕಳಿಸ್ಲಿ?”

“ಹೆಂಗೆ ಸತ್ಲು?”

“ದಿಂಬು ಒತ್ತಿದೆ. ತೊಡೆಸಂದಿಯಾಗೆ ಗಡ್ಡೆ ಎದ್ದಿತ್ತು, ಮೈ ಕೆಂಡ ಆಗಿತ್ತು. ಪ್ಲೇಗು ಅಂತ ಗೊತ್ತಾದ್ರೆ ಮನೆ ಹೆಂಚು ಕೀಳ್ತಾರೆ, ಊರಾಚೆ ಗುಡಿಸಲಿಗೆ ಅಟ್ತಾರೆ. ನಂಗೂ ಹತ್ತುತ್ತೆ ಅಂತ… ದಿಗಿಲಾತು ಸ್ವಾಮಿ. ಬಲು ದಿಗಿಲಾತು.”

ಆ ವರ್ಷ ಸೀಮೆಯಲ್ಲಿ ದಿಗಿಲು ಬೀಳದವರು ಯಾರಿದ್ದರು? ಪಂಚರು ಆಗಲೇ ಬಾಯಿಗೆ ಪಂಚೆ ಒತ್ತಿಕೊಂಡು ಹಿಂದೆ ಸರಿದಿದ್ದರು. ಜುಂಜಯ್ಯನ ಕೈ ಗಡ್ಡೆ ತಡಕಲು ತಾನಾಗಿಯೇ ಕಂಕುಳಿಗೆ ಹೋಯಿತು.

ಮಹಾದೇವಮ್ಮ ಮಾತ್ರ ಕದಲಲಿಲ್ಲ. ಮಗಳ ಬಾತ ಹಿಮ್ಮಡಿಯನ್ನು ಸೆರಗಿನಿಂದ ಒರೆಸಿ, ಉಗುರಿನಲ್ಲಿ ಮೀಟಿ, ಕಪ್ಪಗಾದ ಮುಳ್ಳನ್ನು ಹೊರಗೆಳೆದಳು.

“ಕಾಲಾಗೆ ಮುಳ್ಳು ಕೀವು ಕಟ್ಟಿದ್ರೆ ಸಂದಿಯಾಗೆ ಗಡ್ಡೆ ಬರಲ್ವೇನೋ, ಪಾಪಿ?”

ಪಂಚನಾಮೆಗೆ ಮುಳ್ಳನ್ನೂ ಸೇರಿಸಿದರು. ಸಂಜೆ ಐದಕ್ಕೆ ರೇವಣಸಿದ್ದಪ್ಪನಿಗೆ ಬೇಡಿ ತೊಡಿಸಿ ಗಾಡಿ ಹತ್ತಿಸಿದರು. ಗಾಡಿ ಊರು ದಾಟಿತು. ಆಮೇಲೆ ಅವನು ಜುಂಜಯ್ಯನ ಕಡೆ ತಿರುಗಿ, “ಹಂಗಾರೆ ಅದು ಪ್ಲೇಗಲ್ವಾ, ಅಣ್ಣ?” ಎಂದು ಕೇಳಿದ.